ಹೊನ್ನಾವರದ ಕಡೆಯವರು ಸ್ವಲ್ಪ ಸಹಾಯ ಮಾಡಿ: ಬೀಗರು ಬರ್ತಿದ್ದಾರೆ

ನಾವಿಬ್ಬರೂ ರಿಟೈರ್ ಆದವರು. ಧಾರವಾಡದ ಚಳಿ ತಪ್ಪಿಸಿಕೊಳ್ಳೋಣ ಅಂತ ಡಿಸೆಂಬರ್‌ನಿಂದ ಸಂಕ್ರಾಂತಿವರೆಗೆ ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ ಹಂಚಿನ ಮನೆ ಬಾಡಿಗೆಗೆ ಹಿಡಿದಿದ್ದೇವೆ. ಎರಡು ಕೋಣೆ, ಒಂದೇ ಬಚ್ಚಲು. ನಮಗೆ ಧಾರಾಳ.

ಕ್ರಿಸ್‌ಮಸ್ ರಜೆಗೆ ಮಗಳು, ಅಳಿಯ, ಮಕ್ಕಳು ಬರುತ್ತಾರೆ. ಜೊತೆಗೆ ಬೀಗರೂ ಹೊರಟಿದ್ದಾರೆ. ಅದೇ ವಾರ ನನ್ನ ಹಳೇ ಸಹೋದ್ಯೋಗಿ ದಂಪತಿ ಕೂಡ! ಸ್ನೇಹಿತರದು ಚಿಂತೆ ಇಲ್ಲ, ಚಾಪೆ ಕೊಟ್ಟರೆ ಜಗಲಿಯಲ್ಲೇ ಮಲಗುತ್ತಾರೆ. ಬೀಗರಿಗೆ ಹಾಗೆ ಹೇಳೋಕಾಗುತ್ತಾ?

ಬೀಗಿತ್ತಿಗೆ ಮೊಣಕಾಲು ನೋವು ಜಾಸ್ತಿ, ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ. ಮನೆಯಲ್ಲಿರುವುದು ಇಂಡಿಯನ್ ಟಾಯ್ಲೆಟ್. ಮೇಲೆ ಇಡುವ ಕಮೋಡ್ ಕುರ್ಚಿ ತಂದು ನೋಡಿದೆವು, ಜಾಗ ಸಾಲದೆ ಬಾಗಿಲೇ ಹಾಕೋಕಾಗ್ತಿಲ್ಲ. ಹೋಂಸ್ಟೇಗಳಿಗೆ ಫೋನ್ ಮಾಡಿದೆ. ಆ ವಾರಕ್ಕೆ ದರ ದುಪ್ಪಟ್ಟು, ಸಿಗುವುದೂ ಮಹಡಿ ಮೇಲಿನ ರೂಮು. ಮುರುಡೇಶ್ವರದಲ್ಲಿ ಲಿಫ್ಟ್ ಇರುವ ಲಾಡ್ಜ್ ಸಿಗುತ್ತದೆ. ಆದರೆ ಬೀಗರನ್ನು ಅಷ್ಟು ದೂರ ಇಳಿಸಿ ನಾವು ಇಲ್ಲಿ ಬಂಗುಡೆ ಹುರಿಯುತ್ತಾ ಕೂತರೆ ಚೆನ್ನಾಗಿರಲ್ಲ ಅಲ್ವಾ? (ಅವರು ಮೀನು ಮುಟ್ಟುವುದಿಲ್ಲ, ಅದು ಬೇರೆ ಪಂಚಾಯ್ತಿ.)

ಇನ್ನೊಂದು, ಬೀಗಿತ್ತಿಗೆ ಸಮುದ್ರಕ್ಕೆ ಕಾಲು ಒಡ್ಡುವ ಆಸೆ. ಇಲ್ಲಿನ ಇಕೋ ಬೀಚ್‌ಗೆ 2020ರಲ್ಲೇ ಬ್ಲೂ ಫ್ಲ್ಯಾಗ್ (ಸ್ವಚ್ಛತೆ, ಸುರಕ್ಷತೆ, ಸೌಲಭ್ಯ ನೋಡಿ ಬೀಚ್‌ಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದೆ, ಹಾಗಾಗಿ ವ್ಯವಸ್ಥೆ ಇರಬಹುದು ಅನ್ನೋ ಆಸೆ. ಸಡಿಲ ಮರಳಲ್ಲಿ ಅವರು ನಾಲ್ಕು ಹೆಜ್ಜೆ ಇಡಲಾರರು.

ಕಾಸರಕೋಡು ಅಥವಾ ಹೊನ್ನಾವರ ಪೇಟೆಯಲ್ಲಿ ನೆಲಮಹಡಿ, ವೆಸ್ಟರ್ನ್ ಕಮೋಡ್ ಇರುವ ಸಸ್ಯಾಹಾರಿ ಮನೆ ಯಾರಿಗಾದರೂ ಗೊತ್ತಾ? ಬೀಚ್‌ನಲ್ಲಿ ನೀರಿನ ಹತ್ತಿರದವರೆಗೆ ಗಾಲಿಕುರ್ಚಿ ಹೋಗುತ್ತದಾ?