ಆವನಿಯಲ್ಲಿ ನಾಲ್ಕು ದಿನ ಮೊಬೈಲ್ ಟ್ರಂಕಿನಲ್ಲಿತ್ತು: ನೆಮ್ಮದಿಯೋ, ಶೋಕಿಯೋ?

ಅರಳಿಕಟ್ಟೆ (ತುಮಕೂರು): ಕಳೆದ ವಾರ ಮುಳಬಾಗಿಲು ತಾಲ್ಲೂಕಿನ ಆವನಿಗೆ, ಸೋದರತ್ತೆಯ ಮನೆಗೆ ಹೋಗಿದ್ದೆ. ಹೋದ ಕೂಡಲೇ ಮೊಬೈಲ್ ಆಫ್ ಮಾಡಿ ಅತ್ತೆಯ ಟ್ರಂಕಿನೊಳಗಿಟ್ಟೆ. ಟಿ.ವಿ. ಸುದ್ದಿಯೂ ಬೇಡವೆಂದೆ. ಮೊದಲ ದಿನ ಕೈ ಸುಮ್ಮನೆ ಜೇಬಿಗೆ ಹೋಗಿ ಬರುತ್ತಿತ್ತು. ಮೂರನೇ ದಿನ ರಾಮಲಿಂಗೇಶ್ವರ ದೇವಸ್ಥಾನದ ಜಗಲಿಯಲ್ಲಿ ಕುಳಿತು, ಬಿಸಿಲು ಒಂದು ಕಂಬದಿಂದ ಇನ್ನೊಂದಕ್ಕೆ ಸರಿಯುವವರೆಗೂ ಏಳಲಿಲ್ಲ. ಹೊರಡುವ ದಿನ ಆನ್ ಮಾಡಿದರೆ ಕಚೇರಿಯ ಗುಂಪಿನಲ್ಲಿ ಮುನ್ನೂರಕ್ಕೂ ಹೆಚ್ಚು ಸಂದೇಶ. ನನಗೆಂದೇ ಬಂದವು ಎರಡು, ಅದರಲ್ಲೊಂದು ಗ್ಯಾಸ್ ಸಿಲಿಂಡರಿನದು. ಎಲ್ಲರೂ ವರ್ಷಕ್ಕೊಮ್ಮೆ ಹೀಗೆ ಹಳ್ಳಿಗೆ ಹೋಗಿ ಮೊಬೈಲ್ ಬಿಡಬೇಕು. ಏನನ್ನುತ್ತೀರಿ?

ಗೂಡುಗಾರ (ಶಿಡ್ಲಘಟ್ಟ): ನಿಮ್ಮ ಮಾವನವರು ಹೊಲದ ಪಂಪಿನ ಮೋಟಾರು ಹೇಗೆ ಹಾಕುತ್ತಿದ್ದರು, ಗಮನಿಸಿದಿರಾ?

ಅರಳಿಕಟ್ಟೆ: ಮೊಬೈಲಿನಿಂದ. ರಾತ್ರಿ ಪಂಪಿಗೆ ಬೇಕಾದ ತ್ರೀ ಫೇಸ್ ವಿದ್ಯುತ್ ಬಂದಾಗ ಮಂಚದಿಂದಲೇ ಮೋಟಾರಿಗೆ ಒಂದು ಕರೆ ಕೊಟ್ಟು ಮಗ್ಗುಲು ಬದಲಿಸುತ್ತಿದ್ದರು.

ಗೂಡುಗಾರ: ಅದನ್ನೇ ಹೇಳಬೇಕೆಂದಿದ್ದೆ. ನೀವು ಟ್ರಂಕಿನಲ್ಲಿಟ್ಟ ವಸ್ತು ಅದೇ ಮನೆಯಲ್ಲಿ ನಡುರಾತ್ರಿ ಹೊಲಕ್ಕೆ ಹೋಗುವುದನ್ನು ತಪ್ಪಿಸುತ್ತಿದೆ. ನಮ್ಮ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಈಗ ಇ-ಹರಾಜು, ಗೂಡು ಕೊಂಡು ನೂಲು ತೆಗೆಯುವ ರೀಲರುಗಳು ಮೊಬೈಲಿನಲ್ಲೇ ಬೆಲೆ ಹಾಕುತ್ತಾರೆ. ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಯೆಂಬ ತಟ್ಟೆಗೆ ಬಿಟ್ಟ ಮೇಲೆ ನನಗೆ ಉಳಿಯುವುದು ಕೆಲವೇ ದಿನ. ಗೂಡು ಬಿಡಿಸಿ ಮಾರದಿದ್ದರೆ ಒಳಗಿನ ಚಿಟ್ಟೆ ನೂಲನ್ನು ಕೆಡಿಸಿಕೊಂಡು ಹೊರಬರುತ್ತದೆ. ಆ ದಿನಗಳಲ್ಲಿ ರಾಮನಗರದ ಗೂಡಿನ ಮಾರುಕಟ್ಟೆಯ ಬೆಲೆ ಗೊತ್ತಿಲ್ಲದೆ ಜಗಲಿಯ ಮೇಲೆ ಕೂರಲು ನನಗೆ ಧೈರ್ಯವಿಲ್ಲ. ನಿಮಗೆ ಹಳ್ಳಿ ನಿಧಾನವಾಗಿ ಕಂಡದ್ದು ಅಲ್ಲಿ ನಿಮಗೆ ಕೆಲಸವಿರಲಿಲ್ಲವೆಂದು.

ಕಿಟಕಿ ಸೀಟು (ಕೋಲಾರ): ಗೂಡುಗಾರರೇ, ಸ್ವಲ್ಪ ತಣ್ಣಗಾಗಿ. ನನ್ನ ಕಥೆ ಬೇರೆ. ಕೈವಾರಕ್ಕೆ ಹೊರಟಾಗ ನಾನೂ ಮೊಬೈಲ್ ಬಂದ್ ಮಾಡಿ ಬಸ್ ಹತ್ತಿದೆ. ನಿರ್ವಾಹಕರು ಆಧಾರ್ ಕೇಳಿದರು. ಶಕ್ತಿ ಯೋಜನೆಯ ಟಿಕೆಟ್ಟಿಗೆ ಗುರುತಿನ ಚೀಟಿ ಬೇಕಲ್ಲ, ನನ್ನದು ಇದ್ದದ್ದು ಡಿಜಿಲಾಕರಿನಲ್ಲಿ. ಆನ್ ಮಾಡಿ, ಅದು ಎಚ್ಚರವಾಗುವವರೆಗೆ ಅವರು ಚೀಟಿ ಹರಿಯುವ ಯಂತ್ರ ಹಿಡಿದು ನಿಂತರು, ಹಿಂದಿನವರು ಗೊಣಗಿದರು. ಆನ್ ಆದ ತಕ್ಷಣ ಅಕ್ಕನ ಕರೆ: ಊಟಕ್ಕೆ ಏನು ಮಾಡಲಿ ಎಂದು. ನನ್ನ ವ್ರತ ಅಲ್ಲಿಗೆ ಮುಗಿಯಿತು.

ಹಳೇ ಪೇಪರ್ (ತುಮಕೂರು): ನಿವೃತ್ತ ಮೇಷ್ಟ್ರು ನಾನು. ಇಲ್ಲಿ ಎರಡು ವಿಷಯ ಕಲಸಿಹೋಗಿವೆ. ಮೊಬೈಲ್ ಬೇರೆ, ಸುದ್ದಿ ಬೇರೆ. ಬೆಳಿಗ್ಗೆ ಒಂದು ಪತ್ರಿಕೆ ಓದಿದರೆ ನಾಳೆಯವರೆಗೆ ಅದು ಸುಮ್ಮನಿರುತ್ತದೆ. ಟಿ.ವಿ.ಯಲ್ಲಿ ಒಂದೇ ಅಪಘಾತವನ್ನು ಸಂಜೆಯವರೆಗೆ ಬ್ರೇಕಿಂಗ್ ಎನ್ನುತ್ತಾರೆ. ದೇವರಾಯನದುರ್ಗಕ್ಕೆ ಹೋದಾಗ ನಾನು ಮೊಬೈಲ್ ಇಟ್ಟುಕೊಳ್ಳುತ್ತೇನೆ, ಬಿದ್ದರೆ 112ಕ್ಕೆ ಕರೆ ಮಾಡಬೇಕಲ್ಲ. ಇಂಟರ್ನೆಟ್ ಮಾತ್ರ ಬಂದ್.

ಕಿಟಕಿ ಸೀಟು: ಮೇಷ್ಟ್ರೇ, ಅದೂ ಅಲ್ಲ. ಅರಳಿಕಟ್ಟೆಯವರ ಜಗಳ ಮೊಬೈಲಿನ ಜೊತೆಯಲ್ಲ, ಕಚೇರಿಯ ಗುಂಪಿನ ಜೊತೆ. ಫ್ರಾನ್ಸಿನಲ್ಲಿ 2017ರಿಂದ, 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳು ಕೆಲಸದ ಹೊತ್ತಿನಾಚೆ ಸಂಪರ್ಕದಿಂದ ದೂರವಿರುವ ಹಕ್ಕಿನ ಬಗ್ಗೆ ನೌಕರರ ಜೊತೆ ಮಾತುಕತೆ ನಡೆಸಬೇಕೆಂದು ಕಾನೂನಿದೆ. ನಮ್ಮಲ್ಲಿ ಅದಕ್ಕೆ ಅತ್ತೆಯ ಟ್ರಂಕು ಬೇಕಾಗಿದೆ.

ಅರಳಿಕಟ್ಟೆ: ಒಪ್ಪಿದೆ. ಇನ್ನೊಂದು ಹೇಳದೇ ಬಿಟ್ಟಿದ್ದೆ: ನಾನು ಜಗಲಿಯಿಂದ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಮೊಬೈಲನ್ನು ಉಪ್ಪಿನ ಡಬ್ಬಕ್ಕೆ ಒರಗಿಸಿ ಧಾರಾವಾಹಿ ನೋಡುತ್ತಾ ಅವರೆಕಾಯಿ ಸುಲಿಯುತ್ತಿದ್ದರು. “ನಿನಗೇನಪ್ಪಾ, ರಜೆ” ಎಂದರು. ಆದರೂ ಗೂಡುಗಾರರೇ, ಆ ಜಗಲಿ ಸುಳ್ಳಲ್ಲ.

ಗೂಡುಗಾರ: ಸುಳ್ಳೆಂದವರು ಯಾರು? ಮುಂದಿನ ಸಲ ನಮ್ಮ ಕಡೆ ಬನ್ನಿ, ಹುಳು ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಮೇಲೆ. ತಿನ್ನುವ ಒಟ್ಟು ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚನ್ನು ಅವು ತಿನ್ನುವುದು ಆ ಒಂದು ವಾರದಲ್ಲೇ. ರಾತ್ರಿ ಹುಳುಮನೆಯಲ್ಲಿ ದೀಪ ಆರಿಸಿ ನಿಂತರೆ ಹೆಂಚಿನ ಮೇಲೆ ಸಣ್ಣ ಮಳೆ ಹಿಡಿದಂತೆ ಸದ್ದು. ಮೊಬೈಲ್ ಟ್ರಂಕಿನಲ್ಲಿಡುವ ಅಗತ್ಯವಿಲ್ಲ, ಸೊಪ್ಪು ಹಾಕುವ ಕೈಗೆ ಅದನ್ನು ಮುಟ್ಟಲು ಬಿಡುವಿರುವುದಿಲ್ಲ. ನನ್ನದನ್ನು ಮಾತ್ರ ಬೆಲೆ ನೋಡಲು ಇಟ್ಟುಕೊಂಡಿರುತ್ತೇನೆ.