ಕುಣಿ ಮಗ್ಗದವರ ಟೊಂಕ ನೋವಿಗೆ ಆಸ್ಟಿಯೋಪಥಿ: ಕೈಯಿಂದ ಖರೇ ಏನ್ ಮಾಡ್ತಾರ?

ಇಳಕಲ್_ಲಾಳಿ:

ಇಳಕಲ್ಲಿನಾಗ ಕುಣಿ ಮಗ್ಗದ (ನೆಲದಾಗ ತೋಡಿದ ಕುಣಿಯೊಳಗ ಕಾಲು ಇಳಿಬಿಟ್ಟು ನೇಯೂ ಮಗ್ಗ) ಮ್ಯಾಲೆ ಸೀರಿ ನೇಯುವವರೊಬ್ಬರು, ವಯಸ್ಸು 46. ಬಲಗಡೆ ಟೊಂಕ ನೋವು, ಕುಂಡಿ ತನಕ ಇಳಿತೈತಿ, ಮೊಣಕಾಲ ಕೆಳಗ ಹೋಗಂಗಿಲ್ಲ. ಕುಂತಾಗ ಅಷ್ಟಿಲ್ಲ. ಮಗ್ಗದಿಂದ ಏಳೂಮುಂದ ನೆಟ್ಟಗ ನಿಂದ್ರಾಕ ಆಗಂಗಿಲ್ಲ, ನಾಕು ಹೆಜ್ಜಿ ನಡದ ಮ್ಯಾಲ ಸಡ್ಲ ಆಕ್ಕೈತಿ. ಲಾಳಿ ಹಗ್ಗ ಜಗ್ಗಿ ಜಗ್ಗಿ ಬಲಭುಜ, ಕುತ್ತಿಗಿನೂ ಬಿಗಿ. ಎಕ್ಸ್‌ರೇದಾಗ ವಯಸ್ಸಿಗೆ ತಕ್ಕ ಸವೆತ ಬಿಟ್ರ ಏನೂ ಇಲ್ಲ. ಊರಾಗ ತಿಕ್ಕವರು 'ಮಣಿ ಸರದೈತಿ, ಕೂಡಸ್ತೀನಿ' ಅಂತಾರ. ಬೆಳಗಾವಿಯಾಗ ಆಸ್ಟಿಯೋಪಥಿ (ಕೈಯಿಂದ ಕೀಲು, ಸ್ನಾಯುಗಳಿಗೆ ಮಾಡೂ ಚಿಕಿತ್ಸೆ) ಬೋರ್ಡ್ ಹಾಕಿದವರು 10 ಸಿಟ್ಟಿಂಗಿನ ಪ್ಯಾಕೇಜ್ ಹೇಳ್ಯಾರ. ಅಲ್ಲಿ ಏನ್ ಮಾಡ್ತಾರ? ಫಿಜಿಯೋಥೆರಪಿಗೂ ಇದಕ್ಕೂ ಫರಕ್ ಏನು?

ಕೀಲು_ಕೈ:

ಮಣಿ ಸರಿದಿಲ್ಲ. ಬೆನ್ನಿನ ಮಣಿ ನಿಜವಾಗಿ ಜಾರಿದ್ದರೆ ಎಕ್ಸ್‌ರೇಯಲ್ಲಿ ಕಾಣುತ್ತಿತ್ತು, ಅದನ್ನು ಕೈಯಿಂದ ಒತ್ತಿ ಕೂಡಿಸಲಿಕ್ಕೂ ಬರುವುದಿಲ್ಲ. 1874ರಲ್ಲಿ ಅಮೆರಿಕದ ಮಿಸ್ಸೌರಿಯ ಆಂಡ್ರ್ಯೂ ಟೇಲರ್ ಸ್ಟಿಲ್ ಆಸ್ಟಿಯೋಪಥಿ ಶುರು ಮಾಡಿದಾಗ ಅವರೂ ಹೆಚ್ಚುಕಡಿಮೆ ಇದೇ ನಂಬಿದ್ದರು: ಮೂಳೆ ಜಾಗ ತಪ್ಪಿದರೆ ರಕ್ತದ ಓಡಾಟ ಕೆಡುತ್ತದೆ, ಅದರಿಂದ ರೋಗ ಎಂದು. ಆ ವಿವರಣೆ ಈಗ ನಿಲ್ಲುವುದಿಲ್ಲ, ಕೈಚಳಕ ಮಾತ್ರ ಉಳಿದುಕೊಂಡಿದೆ.

ಮೊದಲ ಭೇಟಿ ಸಾಮಾನ್ಯವಾಗಿ 45 ನಿಮಿಷದಿಂದ ಒಂದು ತಾಸು. ಅದರಲ್ಲಿ ಅರ್ಧ ಹೊತ್ತು ಬರೀ ನೋಡುವುದೇ ಇರಬೇಕು: ನಿಲ್ಲಿಸಿ, ಬಗ್ಗಿಸಿ, ಎರಡೂ ಮಗ್ಗುಲಿಗೆ ವಾಲಿಸಿ, ಮಲಗಿಸಿ ಕಾಲೆತ್ತಿ, ತೊಡೆ ಬಂದು ಸೇರುವ ಚಪ್ಪೆಯ ಕೀಲು ಎಷ್ಟು ತಿರುಗುತ್ತದೆಂದು ಎಡಬಲ ಹೋಲಿಸಿ. ಬಂದ ಕೂಡಲೇ ಮಲಗಿಸಿ ಲಟಿಗೆ ಮುರಿಯುವವರು ಯಾವ ಬೋರ್ಡ್ ಹಾಕಿದ್ದರೂ ಎದ್ದು ಬನ್ನಿ.

ನೀವು ಹೇಳಿದ ಲಕ್ಷಣ, ಏಳುವಾಗ ನೆಟ್ಟಗಾಗದೆ ನಾಲ್ಕು ಹೆಜ್ಜೆಗೆ ಸಡಿಲಾಗುವುದು, ಮೊದಲು ಸೋವಾಸ್ ಸ್ನಾಯುವಿನ ಕಡೆ ನೋಡಿಸುತ್ತದೆ. ಟೊಂಕದ ಮಣಿಗಳಿಂದ ಹೊರಟು ತೊಡೆಮೂಳೆಗೆ ಅಂಟುವ ಸ್ನಾಯು ಅದು. ಕುಣಿಯಲ್ಲಿ ಕಾಲು ಇಳಿಬಿಟ್ಟು, ಮುಂದಕ್ಕೆ ಬಾಗಿ ತಾಸುಗಟ್ಟಲೆ ಕುಳಿತಾಗ ಅದು ಮಡಚಿಕೊಂಡೇ ಇರುತ್ತದೆ. ಎದ್ದಾಗ ತಟ್ಟನೆ ಉದ್ದವಾಗಲೊಲ್ಲದೆ ಟೊಂಕವನ್ನು ಮುಂದಕ್ಕೆ ಜಗ್ಗುತ್ತದೆ. ಇದು ಊಹೆ, ಪರೀಕ್ಷಿಸಿಯೇ ಒಪ್ಪಬೇಕು. ಪರೀಕ್ಷೆ ಸರಳ: ಟೇಬಲ್ಲಿನ ತುದಿಯಲ್ಲಿ ಅಂಗಾತ ಮಲಗಿಸಿ, ಎಡಮೊಣಕಾಲನ್ನು ಎದೆಗೆ ಅಪ್ಪಿ ಹಿಡಿಸಿ ಬಲಗಾಲು ಇಳಿಬಿಡಿಸುವುದು. ಬಲತೊಡೆ ಟೇಬಲ್ಲಿನ ಮಟ್ಟಕ್ಕೆ ಇಳಿಯದೆ ಮೇಲೆಯೇ ನಿಂತರೆ ಆ ಭಾಗ ಬಿಗಿ.

ಚಿಕಿತ್ಸೆ ಅದೇ ಭಂಗಿಯಲ್ಲಿ. ಚಿಕಿತ್ಸಕ ಮೊಣಕಾಲಿನ ಮೇಲ್ಭಾಗದಲ್ಲಿ ಕೈಯಿಟ್ಟು ತೊಡೆಯನ್ನು ತಡೆ ಸಿಗುವವರೆಗೆ ಮಾತ್ರ ಇಳಿಸುತ್ತಾನೆ. ರೋಗಿ ತನ್ನ ಬಲದ ನಾಲ್ಕನೇ ಒಂದು ಪಾಲಿನಷ್ಟರಲ್ಲಿ ತೊಡೆಯನ್ನು ಮೇಲಕ್ಕೆ ಒತ್ತಬೇಕು, ಕೈ ಅಲುಗದಂತೆ ತಡೆಯುತ್ತದೆ. 5ರಿಂದ 7 ಸೆಕೆಂಡ್. ಬಿಟ್ಟು, ಉಸಿರು ಹೊರಹಾಕಿದ ಮೇಲೆ, ಹೊಸ ತಡೆಯವರೆಗೆ ಇಳಿಸುವುದು. ಹೀಗೆ 3ರಿಂದ 5 ಸಲ. ಮಸಲ್ ಎನರ್ಜಿ ತಂತ್ರ ಎನ್ನುವುದು ಇದಕ್ಕೇ. ಕೆಡುವುದು ಹೆಚ್ಚಾಗಿ ಒಂದೇ ಜಾಗದಲ್ಲಿ: ರೋಗಿ ಮೈಯೆಲ್ಲ ಬಲ ಹಾಕಿ ಒತ್ತುತ್ತಾನೆ. ಉಸಿರು ಬಿಗಿಯುತ್ತದೆ, ಟೊಂಕ ಟೇಬಲ್ಲಿನಿಂದ ಮೇಲೇಳುತ್ತದೆ, ಮಾರನೇ ದಿನ ನೋವು ಹೆಚ್ಚು. ಸ್ನಾಯು ಇಲ್ಲಿ ಉದ್ದವಾಗಿಬಿಡುವುದಿಲ್ಲ, ಜಗ್ಗನ್ನು ತಾಳುವ ನರಗಳ ಮಿತಿ ಸ್ವಲ್ಪ ಹೊತ್ತು ಹೆಚ್ಚುತ್ತದೆ ಅಷ್ಟೆ.

ಭುಜ-ಕುತ್ತಿಗೆಗೆ ಇನ್ನೂ ಮೆತ್ತಗಿನ ದಾರಿಯಿದೆ. ಒತ್ತಿದರೆ ಚುರ್ ಎನ್ನುವ ಬಿಂದು ಹುಡುಕಿ, ನೋವು ತೀರ ಕಡಿಮೆಯಾಗುವ ಭಂಗಿಗೆ ತಲೆ, ಭುಜ ತಂದು 90 ಸೆಕೆಂಡ್ ಹಾಗೇ ಹಿಡಿದು, ಬಹಳ ನಿಧಾನ ವಾಪಸ್ ತರುವುದು. ಗಡಬಡಿಸಿ ತಂದರೆ ಸ್ನಾಯು ಮತ್ತೆ ಹಿಡಿದುಕೊಳ್ಳುತ್ತದೆ.

ಲಟಿಗೆಯ 'ಟಕ್' ಸದ್ದು ಕೀಲಿನ ದ್ರವದಲ್ಲಿ ಅನಿಲದ ಪೊಳ್ಳು ಉಂಟಾಗುವುದರಿಂದ. ಒಮ್ಮೆ ಸದ್ದಾದ ಕೀಲು ಸುಮಾರು 20 ನಿಮಿಷ ಮತ್ತೆ ಸದ್ದು ಮಾಡುವುದಿಲ್ಲ. ಸದ್ದು ಬಾರದಿದ್ದರೆ ಗುಣವಾಗಲಿಲ್ಲ ಅಂತಲ್ಲ, ಬಂದರೆ ಮೂಳೆ ಕೂಡಿತು ಅಂತಲೂ ಅಲ್ಲ.

ಫಿಜಿಯೋಗೂ ಇದಕ್ಕೂ ಗೋಡೆಯೇನಿಲ್ಲ. ಈ ತಂತ್ರಗಳಲ್ಲಿ ಬಹಳಷ್ಟನ್ನು ಮ್ಯಾನುಯಲ್ ಥೆರಪಿ (ಕೈಚಿಕಿತ್ಸೆ) ಕಲಿತ ಫಿಜಿಯೋ ಕೂಡ ಮಾಡುತ್ತಾರೆ. ತಲೆಬುರುಡೆಯ ಮೂಳೆ ಹಗುರಾಗಿ ಹಿಡಿದು 'ಲಯ' ಹುಡುಕುವ ಒಂದು ಶಾಖೆಯೂ ಆಸ್ಟಿಯೋಪಥಿಯಲ್ಲಿದೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ, ನನ್ನ ಕೇಳಿದರೆ ಅದಕ್ಕೆ ರೊಕ್ಕ ಹಾಕಬೇಡಿ.

ಬಾಗಲಕೋಟಿ_ಪಿಟಿ:

ಮೇಲಿನದು ಸರಿ. ಆದರೆ ಕೈ ಹಚ್ಚುವ ಮೊದಲು ಕೇಳಬೇಕಾದ್ದು ಬಿಟ್ಟುಹೋಗಿದೆ. ಮೂತ್ರ ಕಟ್ಟುವುದು ಅಥವಾ ತಡೆಯಲಾಗದಿರುವುದು, ಕುಳಿತಾಗ ನೆಲಕ್ಕೆ ತಾಗುವ ಭಾಗ ಮರಗಟ್ಟುವುದು, ಪಾದ ಎತ್ತಲಾಗದಿರುವುದು ಇದ್ದರೆ ಅದೇ ದಿನ ದೊಡ್ಡಾಸ್ಪತ್ರೆಗೆ. ಜ್ವರ, ತೂಕ ಇಳಿತ, ಹಿಂದೆ ಕ್ಯಾನ್ಸರ್, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೆ ಮೊದಲು ಡಾಕ್ಟರ್. ನಮ್ಮ ಕಡೆ ಬೆನ್ನುಮೂಳೆಯ ಟಿಬಿ ಮರೆಯುವ ಹಾಗಿಲ್ಲ.

ವರ್ಷಗಟ್ಟಲೆ ಸ್ಟಿರಾಯ್ಡ್ ನುಂಗಿದವರು, ಮೂಳೆ ಟೊಳ್ಳಾದವರು, ರಕ್ತ ತೆಳುವಾಗಿಸುವ ಗುಳಿಗೆಯವರಿಗೆ ಜೋರಿನ ಲಟಿಗೆ ಬೇಡವೇ ಬೇಡ. 'ಸಂಧಿವಾತದ ಗುಳಿಗೆ' ಅಂತ ಹೆಸರಿಲ್ಲದ ಪುಡಿಕೆ ನುಂಗುತ್ತಿದ್ದರೆ ಅದರಲ್ಲಿ ಸ್ಟಿರಾಯ್ಡ್ ಇರಬಹುದು, ಅದನ್ನೂ ಹೇಳಿ. ಕುತ್ತಿಗೆ ತಿರುವಿ ಝಾಡಿಸುವುದನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಅಪರೂಪಕ್ಕಾದರೂ ಮೆದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಲಕ್ವ ಹೊಡೆಯಬಹುದು. ಇವರಿಗೆ ಅದರ ಅಗತ್ಯವೂ ಇಲ್ಲ, 90 ಸೆಕೆಂಡಿನ ತಂತ್ರ ಸಾಕು.

ಅರ್ಹತೆಯ ಮಾತು: ಅಮೆರಿಕದಲ್ಲಿ ಡಿ.ಒ. (ಆಸ್ಟಿಯೋಪಥಿಯ ಪದವಿ) ಅಂದರೆ ಔಷಧಿ ಬರೆಯುವ, ಆಪರೇಷನ್ ಮಾಡುವ ಪೂರ್ಣ ವೈದ್ಯರು. ಬ್ರಿಟನ್ನಿನಲ್ಲಿ 1993ರ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ಆಸ್ಟಿಯೋಪಾತ್ ಎಂಬ ಹೆಸರು ಹಾಕಿಕೊಳ್ಳುವಂತಿಲ್ಲ. ಇಲ್ಲಿ ಬೋರ್ಡ್ ನೋಡಿ ಅದೇ ಓದು ಅಂದುಕೊಳ್ಳಬೇಡಿ. ಫಿಜಿಯೋಥೆರಪಿಯ ಪದವಿ ಬಿ.ಪಿ.ಟಿ. ಅಥವಾ ಎಂ.ಪಿ.ಟಿ. ಇದೆಯೇ, ಎಲ್ಲಿ ಓದಿದ್ದು, ನೇರ ಕೇಳಿ.

ಹಾಸುಹೊಕ್ಕು:

ಎಲ್ಲಾ ಖರೆ, ಆದ್ರ ಮಗ್ಗ ಹಂಗ ಇದ್ರ ಟೊಂಕನೂ ಹಂಗ. ಕೂಡೂ ಹಲಗಿ ಹಿಂದಿನ ಅಂಚಿಗೆ ಎರಡು ಇಂಚು ಎತ್ತರ ಆಗೂಹಂಗ ಗೋಣಿಚೀಲ ಮಡಚಿ ಹಾಕ್ರಿ, ಚಪ್ಪಿ ಮೊಣಕಾಲಿಗಿಂತ ಮ್ಯಾಲ ಬರಬೇಕು. ಇಡೀ ಹಲಗಿ ಎತ್ತರ ಮಾಡಿದ್ರ ಕಾಲು ತುಳಿಮಣಿಗೆ (ಕಾಲಿಂದ ತುಳಿಯೂ ಹಲಗಿ) ಮುಟ್ಟದ ಟೊಂಕ ಇನ್ನಷ್ಟು ಜಗ್ತೈತಿ. ತುಳದಾಗ ಮೊಣಕಾಲು ಪೂರ್ತಿ ನೆಟ್ಟಗ ಆಗಬಾರದು. ಲಾಳಿ ಹಗ್ಗದ ಹಿಡಿ ಭುಜಕ್ಕಿಂತ ಮ್ಯಾಲಿದ್ರ ಉದ್ದ ಬಿಟ್ಟು ಎದಿ ಮಟ್ಟಕ್ಕ ಇಳಸ್ರಿ, ಮೊಣಕೈ ಮೈಗೆ ಹತ್ರ ಉಳಿತೈತಿ.

ಗಡಿಯಾರ ನೋಡಿ ಏಳ್ರಿ ಅಂದ್ರ ಯಾರೂ ಏಳಂಗಿಲ್ಲ, ಕೂಲಿ ಸೀರಿ ಲೆಕ್ಕದಾಗ ಇರ್ತೈತಿ. ಕಂಡಿಕಿ (ಲಾಳಿಯೊಳಗಿನ ನೂಲಿನ ಸುರುಳಿ) ಬದಲಿ ಮಾಡೂದಕ್ಕ ಜೋಡಸ್ರಿ: ಎರಡು-ಮೂರು ಕಂಡಿಕಿ ಮುಗಿದ್ರ ಎದ್ದು ನಿಂತು ಟೊಂಕದ ಮ್ಯಾಲ ಕೈ ಇಟ್ಟು ಐದು ಸಲ ಹಿಂದಕ್ಕ ಬಾಗೂದು. ಸೆರಗಿನ ಎಳಿ ಒಂದೊಂದ ಕೊಂಡಿ ಹಾಕಿ ಜೋಡಸೂಮುಂದ ಕುತ್ತಿಗಿ ಭಾಳ ಹೊತ್ತು ಬಗ್ಗಿರ್ತೈತಿ, ಅವತ್ತ ಇನ್ನೂ ಬೇಗ ಏಳಬೇಕು.

ಇಳಕಲ್_ಲಾಳಿ:

ಹಂಗಾರ 10 ಸಿಟ್ಟಿಂಗಿನ ರೊಕ್ಕ ಮೊದಲ ಕಟ್ಟಬೇಕೋ ಬ್ಯಾಡೋ?

ಕೀಲು_ಕೈ:

ಬೇಡ. ವಾರಕ್ಕೊಂದರಂತೆ 3 ಅಥವಾ 4 ಸಿಟ್ಟಿಂಗ್, ಒಂದೊಂದಕ್ಕೇ ರೊಕ್ಕ ಕೊಡಿ. ಪ್ರತಿ ಸಲ ಎರಡು ಅಳತೆ ನೋಡಿ: ತೊಡೆ ಟೇಬಲ್ಲಿಗೆ ಎಷ್ಟು ಹತ್ತಿರ ಇಳಿಯಿತು, ಎದ್ದ ಮೇಲೆ ನೆಟ್ಟಗಾಗಲು ಎಷ್ಟು ಹೆಜ್ಜೆ ಬೇಕಾಯಿತು. ನಾಲ್ಕರಲ್ಲಿ ಎರಡೂ ಕದಲದಿದ್ದರೆ ನಿಲ್ಲಿಸಿ, ನನ್ನ ಸೋವಾಸ್ ಊಹೆಯನ್ನೂ ಬಿಟ್ಟು ಚಪ್ಪೆಯ ಕೀಲು, ಸೇಕ್ರೊಇಲಿಯಾಕ್ ಕೀಲು (ಬೆನ್ನುಮೂಳೆಯ ಬುಡ ಚಪ್ಪೆಯ ಮೂಳೆಗೆ ಸೇರುವ ಜಾಗ) ನೋಡಿಸಿ. ಚಿಕಿತ್ಸೆಯ ಮರುದಿನ ಮೈಕೈ ನೋವು ಸಹಜ, 48 ತಾಸು ಮೀರಿದರೆ ಫೋನ್ ಮಾಡಿ ಕೇಳಿ.

ಬರೀ ಕೈಚಿಕಿತ್ಸೆ ಸಾಲದು. ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಟೊಂಕ ನೋವಿನ ಮಾರ್ಗಸೂಚಿ ಕೂಡ ವ್ಯಾಯಾಮದ ಜೊತೆಗಿದ್ದರೆ ಮಾತ್ರ ಇದನ್ನು ಪರಿಗಣಿಸಿ ಎನ್ನುತ್ತದೆ. ಇವರಿಗೆ ಎರಡು ಸಾಕು. ಬಲಮೊಣಕಾಲೂರಿ, ಎಡಪಾದ ಮುಂದಿಟ್ಟು, ಕುಂಡಿ ಬಿಗಿಹಿಡಿದು ಚಪ್ಪೆಯನ್ನು ಮುಂದಕ್ಕೆ ತಳ್ಳಿ 30 ಸೆಕೆಂಡ್, 3 ಸಲ. ಕುಂಡಿ ಬಿಗಿಹಿಡಿಯದಿದ್ದರೆ ಟೊಂಕ ಬಾಗುತ್ತದೆ, ಸೋವಾಸ್ ಜಗ್ಗುವುದೇ ಇಲ್ಲ. ಇನ್ನೊಂದು, ಅಂಗಾತ ಮಲಗಿ ಮೊಣಕಾಲು ಮಡಚಿ ಟೊಂಕವೆತ್ತಿ 5 ಸೆಕೆಂಡ್ ಹಿಡಿಯುವುದು, 10 ಸಲ.

ಬಾಗಲಕೋಟಿ_ಪಿಟಿ:

ಬೆಳಗಾವಿ ತನಕ ಯಾಕೆ? ತಾಸುಗಟ್ಟಲೆ ಬಸ್ಸಿನಲ್ಲಿ ಕುಳಿತು ವಾಪಸಾಗುವಷ್ಟರಲ್ಲಿ ಸಡಿಲಾದದ್ದು ಮತ್ತೆ ಹಿಡಿದುಕೊಳ್ಳುತ್ತದೆ. ಬಾಗಲಕೋಟೆಯಲ್ಲೇ ಮ್ಯಾನುಯಲ್ ಥೆರಪಿ ಬಲ್ಲ ಫಿಜಿಯೋ ಹುಡುಕಿ. ಹೋಗುವಾಗ ಎಕ್ಸ್‌ರೇ, ನುಂಗುವ ಎಲ್ಲಾ ಗುಳಿಗೆಗಳ ಚೀಟಿ, ಮತ್ತು ಮಗ್ಗದ ಮೇಲೆ ಕೂತು ನೇಯುವ ಒಂದು ನಿಮಿಷದ ವಿಡಿಯೋ, ಮಗ್ಗುಲಿನಿಂದ ತೆಗೆದದ್ದು, ಇರಲಿ.