ಅಪ್ಪನ ಅಂಗಾಲಲ್ಲಿ ಗಾಯ, ಆದ್ರೆ ನೋವೇ ಇಲ್ಲ ಅಂತಾರೆ

ಪಡುಬಿದ್ರಿ ಹುಡುಗ:
ಅಪ್ಪನಿಗೆ 14 ವರ್ಷದಿಂದ ಶುಗರ್. ಮೊನ್ನೆ ಉಡುಪಿ ಮಠಕ್ಕೆ ಹೋದವರು ಮಧ್ಯಾಹ್ನದ ಬಿಸಿಲಲ್ಲಿ ರಥಬೀದಿಗೆ ಬರಿಗಾಲಲ್ಲೇ ಒಂದು ಸುತ್ತು ಹಾಕಿ ಬಂದರು. ಸಂಜೆ ನೆಲದಲ್ಲಿ ಒದ್ದೆ ಹೆಜ್ಜೆ ಕಂಡು ಅಮ್ಮ ಕಾಲು ಎತ್ತಿಸಿ ನೋಡಿದರೆ, ದೊಡ್ಡ ಬೊಬ್ಬೆ ಒಡೆದು ಚರ್ಮ ಕಿತ್ತು ಬಂದಿದೆ. ಅವರಿಗೆ ಗೊತ್ತೇ ಇಲ್ಲ! "ನೋವೇ ಇಲ್ಲ ಮಾರಾಯ, ಡಾಕ್ಟರ್ ಎಂತಕ್ಕೆ" ಅಂತ ಅರಿಶಿನ ಹಚ್ಚಿ ಕೂತಿದ್ದಾರೆ. ಸುಮ್ನೆ ಬಿಡಬಹುದಾ?

ಕುಡ್ಲದ ಅಕ್ಕ:
ಬಿಡಬೇಡಿ, ಇವತ್ತೇ ತೋರಿಸಿ. ನೋವಿಲ್ಲ ಅನ್ನುವುದೇ ಹೆದರಬೇಕಾದ ವಿಷಯ. ಶುಗರ್ ಹಳೆಯದಾದರೆ ಕಾಲಿನ ನರಕ್ಕೆ ಪೆಟ್ಟು ಬಿದ್ದು ನೋವೇ ಗೊತ್ತಾಗದೆ ಹೋಗಬಹುದು, ರಕ್ತ ಓಡಾಟವೂ ಕಡಿಮೆಯಾಗಬಹುದು, ಆಮೇಲೆ ಗಾಯ ಬೇಗ ಒಣಗುವುದಿಲ್ಲ. ನಮ್ಮ ಮಾವ ಆಣಿ ಅಂತ ಬ್ಲೇಡಿನಲ್ಲಿ ಕೆರೆದುಕೊಂಡು, ಅಂಗಡಿಯಿಂದ ಪಟ್ಟಿ ತಂದು ಅಂಟಿಸಿ, ಯಾರಿಗೂ ಹೇಳದೆ ಓಡಾಡಿ, ಕೊನೆಗೆ ಕಿರುಬೆರಳನ್ನೇ ತೆಗೆಸಬೇಕಾಯ್ತು. ಈಗ ದಿನಾ ರಾತ್ರಿ ನೆಲದ ಮೇಲೆ ಶೇವಿಂಗ್ ಕನ್ನಡಿ ಇಟ್ಟು ಅಂಗಾಲು ನೋಡಿಕೊಳ್ಳುತ್ತಾರೆ. ನಮ್ಮ ಮಳೆಗಾಲ ಗೊತ್ತಲ್ವಾ, ಬೆರಳ ಸಂದಿ ಬೆಳ್ಳಗಾಗಿ ಬಿರಿಯುತ್ತದೆ. ಒಣ ಬಟ್ಟೆಯಲ್ಲಿ ಒತ್ತಿ ಒರೆಸಿ. ತೆಂಗಿನೆಣ್ಣೆ ಹಿಮ್ಮಡಿಗೆ ಹಚ್ಚಿ, ಸಂದಿಗೆ ಬೇಡ.

ಬಚ್ಚಲ ಹಂಡೆ:
ನನಗೂ ಶುಗರ್. ವರ್ಷಕ್ಕೊಮ್ಮೆಯಾದರೂ ಕಾಲಿನ ಪರೀಕ್ಷೆ ಮಾಡಿಸಿ. ಮೋನೋಫಿಲಮೆಂಟ್ ಅಂತ ಒಂದು ನೈಲಾನ್ ಎಳೆ, 10 ಗ್ರಾಂ ಒತ್ತಡಕ್ಕೆ ಬಗ್ಗುತ್ತದೆ. ಕಣ್ಣು ಮುಚ್ಚಿಕೊಂಡು, ಅದು ಅಂಗಾಲಿಗೆ ತಾಗಿದಾಗ ಹೇಳಬೇಕು. ನಾನು ಇನ್ನೂ ಶುರುವಾಗಿಲ್ಲ ಅಂತ ಕಾಯ್ತಾ ಇದ್ದೆ, ಅವರು ಆಗಲೇ ನಾಲ್ಕು ಕಡೆ ಒತ್ತಿ ಮುಗಿಸಿದ್ದರು! ಅವತ್ತಿನಿಂದ ಮನೆ ಒಳಗೂ ಎಂಸಿಆರ್ ಚಪ್ಪಲಿ (ಮೆತ್ತನೆಯ ರಬ್ಬರಿನದ್ದು), ಹಿಂದೆ ಪಟ್ಟಿ ಇರುವಂಥದ್ದು. ಹಂಡೆ ನೀರಿಗೆ ಮೊದಲು ಮೊಣಕೈ ಅದ್ದಿ ನೋಡುತ್ತೇನೆ, ಕಾಲನ್ನು ನಂಬುವುದಿಲ್ಲ. ಉಗುರು ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ. ಬೀಡಿ ಸಿಗರೇಟ್ ಇದ್ದರೆ ಅದನ್ನೂ ಬಿಡಿಸಿ.

ಪಡುಬಿದ್ರಿ ಹುಡುಗ:
ಹೋಗಿ ಬಂದೆವು. ಅರಿಶಿನ ತೊಳೆದು ಡ್ರೆಸ್ಸಿಂಗ್ ಮಾಡಿದ್ದಾರೆ, ಆ ಕಾಲಿಗೆ ಭಾರ ಹಾಕಬಾರದಂತೆ. ಮಠಕ್ಕೆ ಚಪ್ಪಲಿ ಹಾಕಿ ಹೋಗಲಿಕ್ಕೆ ಆಗುತ್ತದಾ ಅಂತ ಅಪ್ಪನ ಗಲಾಟೆ.

ಕುಡ್ಲದ ಅಕ್ಕ:
ಮೊದಲು ಗಾಯ ಪೂರ್ತಿ ಒಣಗಲಿ. ಆಮೇಲೂ ಬೆಳಿಗ್ಗೆ ಬೇಗ ಹೋಗಲಿ, ನೆಲ ತಣ್ಣಗಿರುತ್ತದೆ. ದಪ್ಪ ಸಾಕ್ಸ್ ಹಾಕಲಿ. ದೇವರು ಬೇಸರ ಮಾಡಿಕೊಳ್ಳಲಿಕ್ಕಿಲ್ಲ.

ಪಡುಬಿದ್ರಿ ಹುಡುಗ:
ಇನ್ನೊಂದು. ಹಾಕುವ ಮೊದಲು ಚಪ್ಪಲಿ ಒಳಗೆ ಕೈ ಆಡಿಸಿ ನೋಡಿ ಅಂತ ಡಾಕ್ಟರ್ ಅಂದಿದ್ದರು. ಮನೆಗೆ ಬಂದು ಅಪ್ಪನ ಹಳೇ ಚಪ್ಪಲಿಗೆ ಕೈ ಹಾಕಿದರೆ, ಹಿಮ್ಮಡಿ ಹತ್ತಿರ ಸಣ್ಣ ಮೊಳೆಯ ತುದಿ ಮೇಲೆ ಬಂದಿತ್ತು. ಎಷ್ಟು ದಿನದಿಂದ ಹಾಗೇ ನಡೆದಿದ್ದಾರೋ.